ಕಾಯಕ-ದಾಸೋಹಗಳು ಮತ್ತು ಇಂದಿನ ಕ್ಷೇಮಯೋಜನೆಗಳು: ಒಂದು ವಿವೇಚನೆ

ಹನ್ನೆರಡನೆಯ ಶತಮಾನದ ಶಿವಶರಣರು ಕನ್ನಡ ನುಡಿಗೆ ಕೊಟ್ಟ ಪಾರಿಭಾಷಿಕ ಪದಗಳಲ್ಲಿ ಕಾಯಕ, ದಾಸೋಹ ಎಂಬ ಎರಡು ಪದಗಳಿಗೆ ದೊರೆತಷ್ಟು ಪ್ರಚಾರ ಮಿಕ್ಕವುಗಳಿಗೆ ದೊರೆತಿಲ್ಲ. ಷಟ್‌ಸ್ಥಲ, ಅಷ್ಟಾವರಣ, ಲಿಂಗಾಂಗ ಸಾಮರಸ್ಯ ಮೊದಲಾದ ಪದಗಳು ಬಹುಮಟ್ಟಿಗೆ ಅಭ್ಯಾಸಿಗಳ ವಲಯದಲ್ಲಿಯೇ ಉಳಿದಿವೆ. ಈ ಎರಡು ಪದಗಳಾದರೋ ಮಠದ ಹೊಸ್ತಿಲನ್ನು ದಾಟಿ ಶಾಲೆಯ ಗೋಡೆಯನ್ನೂ ಕಚೇರಿಯ ಫಲಕವನ್ನೂ ಸರಕಾರದ ಕಡತವನ್ನೂ ಸೇರಿವೆ. 2002ರಲ್ಲಿ ಕರ್ನಾಟಕ ಸರಕಾರವು ಈಶಾನ್ಯ ಭಾಗದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಆ ಯೋಜನೆಗೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿತು. ಎಂಟು ಶತಮಾನಗಳ ಹಿಂದಿನ ಅನುಭಾವಿಗಳ ಮಾತು ಇಂದಿನ ಆಡಳಿತದ ಮಾತಾಗುವುದು ಯಾವ ಭಾಷೆಗಾದರೂ ಹೆಮ್ಮೆಯ ವಿಷಯವೇ.

ಆದರೆ ಪದವು ಹೋದೆಡೆಗೆಲ್ಲ ಅದರ ಅರ್ಥವೂ ಹೋಗಿರುತ್ತದೆಂದು ನಂಬುವಂತಿಲ್ಲ. 2013ರಲ್ಲಿ ಬಡಕುಟುಂಬಗಳಿಗೆ ಕಿಲೋ ಒಂದಕ್ಕೆ ಒಂದು ರೂಪಾಯಿಯಂತೆ ಅಕ್ಕಿಯನ್ನು ಕೊಡುವ ‘ಅನ್ನಭಾಗ್ಯ’ವು ಜಾರಿಗೆ ಬಂದಾಗಲೂ, 2023ರಲ್ಲಿ ‘ಶಕ್ತಿ’, ‘ಗೃಹಲಕ್ಷ್ಮಿ’ ಮೊದಲಾದ ಐದು ಗ್ಯಾರಂಟಿ ಯೋಜನೆಗಳು ಆರಂಭವಾದಾಗಲೂ ಒಂದು ಆಕ್ಷೇಪವು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪದೇಪದೇ ಕೇಳಿಬಂದಿತು. ಕಾಯಕವನ್ನೇ ಕೈಲಾಸವೆಂದು ಬಗೆದ ಶರಣರ ನಾಡಿನಲ್ಲಿ ದುಡಿಯದವರಿಗೆ ಅನ್ನವಿಕ್ಕುವುದು ಶರಣತತ್ತ್ವಕ್ಕೆ ವಿರೋಧ, ಇದರಿಂದ ಜನರು ಸೋಮಾರಿಗಳಾಗುವರು ಎಂಬುದು ಆ ಆಕ್ಷೇಪದ ಸಾರ. ಯೋಜನೆಗಳನ್ನು ಸಮರ್ಥಿಸುವವರು ಇದು ದಾಸೋಹವೇ ಅಲ್ಲವೆ ಎಂದು ಅಷ್ಟೇ ಸುಲಭವಾಗಿ ಉತ್ತರ ಕೊಟ್ಟರು. ಎರಡು ಪಕ್ಷದವರೂ ವಚನಗಳನ್ನೇ ಸಾಕ್ಷಿಯಾಗಿ ಕರೆದಿದ್ದಾರೆ. ಆ ಯೋಜನೆಗಳ ಆಯವ್ಯಯದ ಲೆಕ್ಕವನ್ನು ನೋಡುವುದು ಅರ್ಥಶಾಸ್ತ್ರಜ್ಞರ ಕೆಲಸ. ಸಾಕ್ಷಿಯು ನಿಜವಾಗಿ ಏನು ನುಡಿದಿದೆ ಎಂಬುದನ್ನು ನೋಡುವುದು ಸಾಹಿತ್ಯ ವಿಮರ್ಶೆಯ ಕೆಲಸ. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ.

ಕಾಯಕದ ವಚನಗಳಲ್ಲಿ ನುಡಿಯುವವರು ಯಾರು?

ಯಾವ ವಚನವನ್ನೇ ಓದುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಇಲ್ಲಿ ಮಾತನಾಡುತ್ತಿರುವವರು ಯಾರು? ಯಾರನ್ನು ಕುರಿತು ಮಾತನಾಡುತ್ತಿದ್ದಾರೆ? ಅಂಕಿತವನ್ನು ಬಿಟ್ಟು ವಚನದ ಒಂದು ಸಾಲನ್ನು ಮಾತ್ರ ಕಿತ್ತು ಗೋಡೆಯ ಮೇಲೆ ಬರೆದಾಗ ಈ ಎರಡು ಪ್ರಶ್ನೆಗಳೂ ಅಳಿಸಿಹೋಗುತ್ತವೆ. ಕಾಯಕವನ್ನು ಕುರಿತ ವಚನಗಳಿಗೆ ಆಗಿರುವ ಅನ್ಯಾಯ ಇದೇ.

ಈ ವಚನಗಳಲ್ಲಿ ಒಂದು ದೊಡ್ಡ ಭಾಗವು ಭಾಷೆಯ, ಎಂದರೆ ಪ್ರತಿಜ್ಞೆಯ ರೂಪದಲ್ಲಿದೆ. ಬೀದಿ ಗುಡಿಸುವ ಕಾಯಕದ ಸತ್ಯಕ್ಕನು ಲಂಚ ವಂಚನೆಗಳಿಗೆ ಕೈಯೊಡ್ಡೆನೆಂದೂ, ದಾರಿಯಲ್ಲಿ ಬಿದ್ದ ಚಿನ್ನವನ್ನಾಗಲಿ ಬಟ್ಟೆಯನ್ನಾಗಲಿ ಮುಟ್ಟೆನೆಂದೂ ತನ್ನ ಶಂಭುಜಕ್ಕೇಶ್ವರನ ಮುಂದೆ ಆಣೆಯಿಡುತ್ತಾಳೆ. ಕಲ್ಯಾಣದ ಭಂಡಾರವನ್ನೇ ಕೈಯಲ್ಲಿ ಹಿಡಿದಿದ್ದ ಬಸವಣ್ಣನವರು ಇಂದಿಗೋ ನಾಳೆಗೋ ಬೇಕೆಂದು ತಮಗಾಗಿ ಏನನ್ನಾದರೂ ಕೂಡಿಟ್ಟರೆ ತಮಗೆ ತಕ್ಕ ಶಾಸ್ತಿಯಾಗಲೆಂದು ನುಡಿಯುತ್ತಾರೆ. ಇವೆಲ್ಲವೂ ವ್ಯಾಕರಣದ ಮಾತಿನಲ್ಲಿ ಉತ್ತಮಪುರುಷದ ವಾಕ್ಯಗಳು. ಪ್ರತಿಜ್ಞೆಯು ಅದನ್ನು ಮಾಡಿದವರನ್ನು ಮಾತ್ರ ಕಟ್ಟುತ್ತದೆ. ಉತ್ತಮಪುರುಷದ ಪ್ರತಿಜ್ಞೆಯನ್ನು ಮಧ್ಯಮಪುರುಷದ ಆಜ್ಞೆಯನ್ನಾಗಿ ಮಾಡಿ ಹಸಿದವನ ಮುಂದೆ ಹಿಡಿದರೆ ಪದಗಳು ಅವೇ ಉಳಿದರೂ ಅರ್ಥವು ತಲೆಕೆಳಗಾಗುತ್ತದೆ.

ವಿಧಿರೂಪದ ವಚನಗಳೂ ಉಂಟೆಂಬುದು ನಿಜ. ಆಯ್ದಕ್ಕಿ ಮಾರಯ್ಯನ ಸುಪ್ರಸಿದ್ಧ ವಚನವು ಅಂಥದೇ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ, ಎದುರಿಗೆ ಬಂದು ನಿಂತ ಜಂಗಮನನ್ನೂ ಮರೆತರೂ ದೋಷವಿಲ್ಲವೆಂಬುದು ಅದರ ತಾತ್ಪರ್ಯ. ಇಲ್ಲಿ ವಿಧಿಯು ಯಾರಿಗೆ? ಆಗಲೇ ದುಡಿಯುತ್ತಿರುವವನಿಗೆ. ಪೂಜೆಗಾಗಿ ಕೆಲಸವನ್ನು ಬಿಡಬೇಕೆ ಎಂಬ ಸಂದಿಗ್ಧದಲ್ಲಿ ಸಿಕ್ಕಿದ ದುಡಿಮೆಗಾರನಿಗೆ ಈ ವಚನವು ಅಭಯವನ್ನು ಕೊಡುತ್ತದೆ. ನಿನ್ನ ದುಡಿಮೆ ಪೂಜೆಗಿಂತ ಕಡಿಮೆಯಲ್ಲವೆಂಬುದೇ ಆ ಅಭಯ. ದುಡಿಮೆ ಸಿಗದವನನ್ನಾಗಲಿ ದುಡಿಯಲಾರದವನನ್ನಾಗಲಿ ಕುರಿತು ಇದರಲ್ಲಿ ಒಂದು ನಿಂದೆಯ ಮಾತೂ ಇಲ್ಲ.

ನುಲಿಯ ಚಂದಯ್ಯನ ನಿಲುವು ಇನ್ನೂ ಗಮನಾರ್ಹವಾದುದು. ಕೆರೆಯ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ಈ ಶರಣನ ಇಷ್ಟಲಿಂಗವು ಹುಲ್ಲು ಕೊಯ್ಯುವಾಗ ಜಾರಿ ಬಿದ್ದಿತೆಂದೂ, ಆತನು ಅದನ್ನು ಎತ್ತಿಕೊಳ್ಳದೆ ತನ್ನ ಕೆಲಸವನ್ನು ಮುಂದುವರಿಸಿದನೆಂದೂ, ಮಡಿವಾಳ ಮಾಚಯ್ಯನು ನಡುವೆ ಬಂದು ವಾದಿಸಬೇಕಾಯಿತೆಂದೂ ಶೂನ್ಯಸಂಪಾದನೆಯ ಪ್ರಸಂಗವು ತಿಳಿಸುತ್ತದೆ. ಗುರುವಾಗಲಿ ಲಿಂಗವಾಗಲಿ ಜಂಗಮವಾಗಲಿ ಕಾಯಕದಿಂದಲೇ ಮುಕ್ತರಾಗಬೇಕೆಂಬುದು ಚಂದಯ್ಯನ ವಾದ. ಕಾಯಕದ ಕಟ್ಟಳೆಯು ಇಲ್ಲಿ ಮೇಲ್ಮುಖವಾಗಿ ಹರಿಯುತ್ತದೆ. ಅನ್ಯರ ದುಡಿಮೆಯ ಮೇಲೆ ಗೌರವದಿಂದ ಬಾಳುವ ಅವಕಾಶವುಳ್ಳವರನ್ನು, ಪೂಜ್ಯಸ್ಥಾನದಲ್ಲಿರುವವರನ್ನು ಅದು ಪ್ರಶ್ನಿಸುತ್ತದೆ. ಕೂಲಿಯವನಿಗೆ ಕೂಲಿಯ ಮಹಿಮೆಯನ್ನು ಉಪದೇಶಿಸುವ ಪ್ರಮೇಯವು ಶರಣರಿಗೆ ಬರಲಿಲ್ಲ, ಏಕೆಂದರೆ ಅವರಲ್ಲಿ ಹಲವರು ಕೂಲಿಯವರೇ ಆಗಿದ್ದರು.

ಲಕ್ಕಮ್ಮನ ಮಿತಿ ಮತ್ತು ಬಡತನದ ರೇಖೆ

ಆರ್ಥಿಕ ವಿಚಾರಕ್ಕೆ ಸಂಬಂಧಿಸಿದಂತೆ ವಚನಸಾಹಿತ್ಯದಲ್ಲಿ ಅತ್ಯಂತ ಸೂಕ್ಷ್ಮವಾದ ಪ್ರಸಂಗವು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸಿ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಅವರ ನೇಮ. ಭೂಮಿ, ಬಂಡವಾಳ, ಉಪಕರಣಗಳಾವುವೂ ಇಲ್ಲದವರಿಗೂ ಸಾಧ್ಯವಾಗುವ ಕಾಯಕವಿದು. ಅನುಭಾವಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಕಾಯಕವು ನಿಂತಿರುವುದನ್ನು ನೆನಪಿಸಿ ಕಳುಹಿಸುವವಳು ಲಕ್ಕಮ್ಮ. ಅದೊಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಹೇಳುವವಳೂ ಆಕೆಯೇ. ಲೋಭವು ಆಳುವವರ ಸ್ವಭಾವವೇ ಹೊರತು ಭಕ್ತರಿಗೆ ಸಲ್ಲದೆಂಬುದು ಆಕೆಯ ವಚನದ ಧ್ವನಿ.

ಈ ಪ್ರಸಂಗವನ್ನು ಮಿತವ್ಯಯದ ನೀತಿಪಾಠವಾಗಿ ಓದುವುದು ವಾಡಿಕೆ. ಬಡವನು ಇದ್ದುದರಲ್ಲಿ ತೃಪ್ತನಾಗಿರಬೇಕೆಂಬ ಅರ್ಥವನ್ನು ಅದರಿಂದ ಹೊರಡಿಸುವವರೂ ಉಂಟು. ಪಾಠವನ್ನು ಗಮನವಿಟ್ಟು ನೋಡಿದರೆ ಈ ಅರ್ಥವು ನಿಲ್ಲುವುದಿಲ್ಲ. ಸಾಕೆಂಬ ಮಾತನ್ನು ಇಲ್ಲಿ ಆಡಿದವಳು ಸ್ವತಃ ಅಕ್ಕಿಯನ್ನು ಬೇಯಿಸಿ ಬಡಿಸುವವಳು. ಎಷ್ಟು ಬೇಕು, ಎಷ್ಟು ಸಾಕು ಎಂಬ ಅಳತೆಯು ಅವಳ ಕೈಯಲ್ಲಿದೆ. ಮಹಾಮನೆಯ ಒಡೆಯರು ಅಂಗಳಕ್ಕೆ ಬಂದು ನಿಮಗೆ ಇಷ್ಟೇ ಸಾಕೆಂದು ಗೆರೆ ಎಳೆಯಲಿಲ್ಲ. ಕಥೆಯ ಪ್ರಕಾರ ಅವರ ಕಡೆಯಿಂದ ಆದುದು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದುದು. ಕೊಡುವವರು ಧಾರಾಳವಾಗಿರಬೇಕು, ಪಡೆಯುವವರು ತಮ್ಮ ಮಿತಿಯನ್ನು ತಾವೇ ನಿರ್ಣಯಿಸಬೇಕು ಎಂಬ ದ್ವಿಮುಖ ಧರ್ಮ ಇಲ್ಲಿದೆ. ಇದರಲ್ಲಿ ಎರಡನೆಯದನ್ನು ಮಾತ್ರ ಹಿಡಿದು ಮೊದಲನೆಯದನ್ನು ಬಿಡುವುದು ಪಾಠಭೇದಕ್ಕಿಂತ ದೊಡ್ಡ ದೋಷ. ಬಡತನದ ರೇಖೆಯನ್ನು ಎಳೆಯುವ ಅಧಿಕಾರಿಯು ಲಕ್ಕಮ್ಮನನ್ನು ತನ್ನ ಪರವಾಗಿ ಉದಾಹರಿಸುವಂತಿಲ್ಲ. ತನ್ನ ಸಂಬಳ ಸಾರಿಗೆಗಳ ಮಿತಿಯನ್ನು ನಿಶ್ಚಯಿಸುವಾಗ ಬೇಕಾದರೆ ಉದಾಹರಿಸಬಹುದು.

ಗೃಹದ ಲೆಕ್ಕವು ಗೃಹಿಣಿಯ ಕೈಯಲ್ಲಿರುವುದೂ ಈ ಪ್ರಸಂಗದ ಒಂದು ಮುಖ. 2023ರ ‘ಗೃಹಲಕ್ಷ್ಮಿ’ ಯೋಜನೆಯು ತಿಂಗಳಿಗೆ 2000 ರೂಪಾಯಿಗಳನ್ನು ಮನೆಯ ಯಜಮಾನಿಯ ಹೆಸರಿಗೇ ಸಲ್ಲಿಸುವ ಏರ್ಪಾಡನ್ನು ಮಾಡಿತು. ಹಣವು ಹೆಂಗಸಿನ ಕೈಸೇರಿದರೆ ಪೋಲಾಗುವುದೆಂದು ಸಂಶಯಪಟ್ಟವರಿದ್ದಾರೆ. ಹೆಚ್ಚಾದುದನ್ನು ತಂದವನು ಮಾರಯ್ಯ, ಮರಳಿಸಿದವಳು ಲಕ್ಕಮ್ಮ ಎಂಬುದನ್ನು ಅಂಥವರು ನೆನೆಯಬೇಕು.

ಇದಕ್ಕೆ ಪ್ರತಿಯಾಗಿ ಮೋಳಿಗೆಯ ಮಾರಯ್ಯನ ಕಥೆಯನ್ನು ಮುಂದಿಡಬಹುದು. ಕಟ್ಟಿಗೆ ಹೊತ್ತು ಮಾರಿ ಬಾಳುತ್ತಿದ್ದ ಆತನ ಗುಡಿಸಲಿನಲ್ಲಿ ಬಸವಣ್ಣನವರು ಗುಟ್ಟಾಗಿ ಇರಿಸಿ ಬಂದ ಹೊನ್ನನ್ನು ಆತನು ತನ್ನದೆಂದು ಇಟ್ಟುಕೊಳ್ಳಲಿಲ್ಲ. ಹೀಗಿರುವಾಗ ದುಡಿಯದೆ ಬಂದ ದ್ರವ್ಯವು ಶರಣರಿಗೆ ನಿಷಿದ್ಧವೇ ಅಲ್ಲವೆ ಎಂದು ಕೇಳಬಹುದು. ಈ ಆಕ್ಷೇಪವು ಬಲವಾದುದೇ. ಆದರೆ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಬಂದವನೆಂಬುದು ಕಥೆಯ ಜೀವಾಳ. ಬಡತನವು ಆತನು ಆರಿಸಿಕೊಂಡ ವ್ರತ. ವ್ರತದಿಂದ ಬಂದ ಬಡತನವನ್ನೂ ಅಸಹಾಯಕತೆಯಿಂದ ಬಂದ ಬಡತನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಉಪವಾಸವನ್ನೂ ಹಸಿವನ್ನೂ ಒಂದೆಂದು ಹೇಳಿದಂತೆ. ನಿರಾಕರಿಸುವ ಸ್ವಾತಂತ್ರ್ಯವುಳ್ಳವನ ನಿರಾಕರಣೆಗೆ ಮಾತ್ರ ಬೆಲೆಯುಂಟು.

‘ಬಿಟ್ಟಿ’ ಎಂಬ ಮಾತಿನ ಚರಿತ್ರೆ

ಕ್ಷೇಮಯೋಜನೆಗಳನ್ನು ಹೀಯಾಳಿಸುವಾಗ ಹೆಚ್ಚಾಗಿ ಬಳಕೆಯಾಗುವ ಪದವು ‘ಬಿಟ್ಟಿ’. ಬಿಟ್ಟಿ ಅಕ್ಕಿ, ಬಿಟ್ಟಿ ಪ್ರಯಾಣ, ಬಿಟ್ಟಿ ಭಾಗ್ಯವೆಂಬ ಮಾತುಗಳು ಸಲೀಸಾಗಿ ಬಾಯಿಗೆ ಬರುತ್ತವೆ. ಈ ಪದದ ಮೂಲವು ಸಂಸ್ಕೃತದ ‘ವಿಷ್ಟಿ’. ಕೂಲಿ ಕೊಡದೆ ಬಲಾತ್ಕಾರವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ವಿಷ್ಟಿಯೆಂದು ಹೆಸರು. ಅದರ ತದ್ಭವವೇ ಬಿಟ್ಟಿ. ಹಳೆಯ ಶಾಸನಗಳಲ್ಲಿ ಬಿಟ್ಟಿಯು ಆಳುವವರು ಪ್ರಜೆಗಳಿಂದ ಪಡೆಯುವ ಸಲ್ಲಿಕೆಗಳ ಸಾಲಿನಲ್ಲಿ ಬರುತ್ತದೆ. ‘ಬಿಟ್ಟಿ ಚಾಕರಿ’ ಎಂಬ ನುಡಿಗಟ್ಟಿನಲ್ಲಿ ಹಳೆಯ ಅರ್ಥವು ಇಂದಿಗೂ ಉಳಿದಿದೆ.

ಶಬ್ದಾರ್ಥದ ಈ ತಿರುವುಮುರುವು ವಿಚಾರಣೀಯವಾದುದು. ಕೂಲಿಯಿಲ್ಲದೆ ದುಡಿಸಿಕೊಂಡವರು ಪಡೆದ ಲಾಭಕ್ಕೆ ಇದ್ದ ಹೆಸರು ಕಾಲಾಂತರದಲ್ಲಿ, ಹಾಗೆ ದುಡಿದವರ ಮಕ್ಕಳು ಮೊಮ್ಮಕ್ಕಳಿಗೆ ದೊರೆಯುವ ಅಕ್ಕಿಯ ಹೆಸರಾಯಿತು. ಭಾರತ ಸಂವಿಧಾನದ 23ನೆಯ ಅನುಚ್ಛೇದವು ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿದೆ. ಆದರೂ ಜೀತದಾಳುಗಳ ಬಿಡುಗಡೆಗೆಂದು 1976ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತೆಂದರೆ ಆ ಪಿಡುಗು ಎಷ್ಟು ಇತ್ತೀಚಿನವರೆಗೆ ಬೇರೂರಿತ್ತೆಂಬುದು ಸ್ಪಷ್ಟ. ಬಿಟ್ಟಿಯ ಲೆಕ್ಕವನ್ನು ತೆಗೆಯುವುದಾದರೆ ಅದನ್ನು ಮೊದಲಿನಿಂದಲೂ ತೆಗೆಯಬೇಕಾಗುತ್ತದೆ. ಹಾಗೆ ತೆಗೆದಾಗ ಬಾಕಿಯು ಯಾರ ಕಡೆಗೆ ಉಳಿಯುವುದೆಂದು ಹೇಳಲು ದೊಡ್ಡ ಗಣಿತಜ್ಞಾನವೇನೂ ಬೇಕಾಗಿಲ್ಲ.

ದಾಸೋಹದ ಒರೆಗಲ್ಲು

ಇಷ್ಟರಿಂದಲೇ ಸರಕಾರದ ಕೊಡುಗೆಗಳೆಲ್ಲ ದಾಸೋಹವೆಂದು ಸಿದ್ಧವಾಗಲಿಲ್ಲ. ಸಮರ್ಥಕರ ಮಾತನ್ನೂ ಅದೇ ಒರೆಗಲ್ಲಿಗೆ ಉಜ್ಜಬೇಕು. ದಾಸೋಹವೆಂಬ ಪದವು ‘ದಾಸಃ ಅಹಮ್’, ನಾನು ದಾಸನು ಎಂಬ ಭಾವದಿಂದ ಹುಟ್ಟಿದುದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಬಾಗುತ್ತಾನೆ. ಕೊಟ್ಟೆನೆಂಬ ಅಹಂಭಾವವು ಮೊಳೆತ ಕ್ಷಣವೇ ಅದು ದಾಸೋಹವಾಗಿ ಉಳಿಯದು.

ದ್ರವ್ಯದ ಮೂಲವನ್ನು ಕುರಿತೂ ಶರಣರು ಕಟ್ಟುನಿಟ್ಟಾಗಿದ್ದರು. ಇತರರನ್ನು ಪೀಡಿಸಿ, ಕುಗ್ಗಿಸಿ, ಕಟ್ಟಿಹಾಕಿ, ಕಂಡವರನ್ನು ಬೇಡಿ ತಂದುದರಿಂದ ಮಾಡುವ ಜಂಗಮಾರ್ಚನೆಯು ಲಿಂಗಕ್ಕೆ ಸಲ್ಲದೆಂದು ನುಲಿಯ ಚಂದಯ್ಯನು ಸ್ಪಷ್ಟಪಡಿಸಿದ್ದಾನೆ. ಆದುದರಿಂದ ದಾಸೋಹಕ್ಕೆ ಎರಡು ಲಕ್ಷಣಗಳು ಅವಶ್ಯ: ದ್ರವ್ಯವು ಶುದ್ಧವಾಗಿರಬೇಕು, ಕೊಡುವ ಭಾವವು ವಿನೀತವಾಗಿರಬೇಕು.

ಸರಕಾರದ ಬೊಕ್ಕಸವು ಪ್ರಜೆಗಳ ತೆರಿಗೆಯಿಂದ ತುಂಬುವುದು. ಬೆಂಕಿಪೆಟ್ಟಿಗೆಯನ್ನು ಕೊಳ್ಳುವ ಕೂಲಿಯಾಳೂ ಅದಕ್ಕೆ ತನ್ನ ಪಾಲನ್ನು ಸಲ್ಲಿಸಿರುತ್ತಾನೆ. ಅದನ್ನು ಹಂಚುವ ಮಂತ್ರಿಯೂ ಅಧಿಕಾರಿಯೂ ದಾತರಲ್ಲ, ಬಡಿಸುವವರು ಮಾತ್ರ. ಬಡಿಸುವವನು ತನ್ನ ಭಾವಚಿತ್ರವನ್ನು ಅಕ್ಕಿಯ ಚೀಲದ ಮೇಲೆ ಅಚ್ಚು ಹಾಕಿಸಿದರೆ ದಾಸೋಹದ ಎರಡನೆಯ ಲಕ್ಷಣವು ಕೆಡುತ್ತದೆ. ಬೆರಳಿನ ಗುರುತು ಯಂತ್ರಕ್ಕೆ ಹತ್ತದೆಂಬ ಕಾರಣದಿಂದ, ದುಡಿದು ದುಡಿದು ರೇಖೆ ಸವೆದ ಬೆರಳಿನ ಮುದುಕಿಯನ್ನು ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಕಳುಹಿಸಿದರೂ ಅದೇ ಲಕ್ಷಣವು ಕೆಡುತ್ತದೆ. ಆ ಬೆರಳುಗಳ ಸವೆತವೇ ಆಕೆಯ ಕಾಯಕದ ದಾಖಲೆ. ಕಾಯಕವು ಕಾಯವನ್ನು ಆಶ್ರಯಿಸಿದೆ. ಕಾಯವು ಸೋತಾಗ ದಾಸೋಹವು ಕೈಹಿಡಿಯಬೇಕು. ಮುಪ್ಪು, ರೋಗ, ಅಂಗವೈಕಲ್ಯ, ನಿರುದ್ಯೋಗಗಳಲ್ಲಿ ಸಾರ್ವಜನಿಕ ನೆರವನ್ನು ಒದಗಿಸಬೇಕೆಂದು ಸಂವಿಧಾನದ 41ನೆಯ ಅನುಚ್ಛೇದವು ಸರಕಾರಗಳಿಗೆ ನಿರ್ದೇಶನ ಕೊಟ್ಟಿದೆ. ವೃದ್ಧರಿಗೆ ಮಾಸಾಶನವನ್ನು ಕೊಡುವ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವು 1995ರಲ್ಲಿ ಆರಂಭವಾಯಿತು. ಇಂಥ ಮಾಸಾಶನವನ್ನು ಸೋಮಾರಿತನದ ಪೋಷಣೆಯೆಂದು ಕರೆಯಲು ಯಾವ ವಚನದಲ್ಲಿಯೂ ಆಧಾರವಿಲ್ಲ.

ದುಡಿಮೆಯ ಹಕ್ಕು ಮತ್ತು ಕೂಲಿಯ ನೇಮ

ಕಾಯಕತತ್ತ್ವಕ್ಕೆ ಅತ್ಯಂತ ಸಮೀಪವಾದ ಆಧುನಿಕ ಶಾಸನವೆಂದು ಹೇಳಬಹುದಾದುದು 2005ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ. 2006ರ ಫೆಬ್ರುವರಿಯಲ್ಲಿ ಮೊದಲು 200 ಜಿಲ್ಲೆಗಳಲ್ಲಿ ಜಾರಿಗೆ ಬಂದ ಇದು 2008ರ ವೇಳೆಗೆ ದೇಶದ ಗ್ರಾಮೀಣ ಪ್ರದೇಶಕ್ಕೆಲ್ಲ ವಿಸ್ತರಿಸಿತು. 2009ರಲ್ಲಿ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸ. ಕೇಳಿದ 15 ದಿನಗಳಲ್ಲಿ ಕೆಲಸವನ್ನು ಒದಗಿಸದಿದ್ದರೆ ನಿರುದ್ಯೋಗ ಭತ್ಯೆ. ಕೂಲಿಯು 15 ದಿನಗಳೊಳಗೆ ಪಾವತಿಯಾಗಬೇಕೆಂಬ ಕಟ್ಟಳೆ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು, ಕೂಸುಗಳ ಆರೈಕೆ. ಕೆಲಸಗಾರರಲ್ಲಿ ಮೂರನೆಯ ಒಂದು ಭಾಗವಾದರೂ ಸ್ತ್ರೀಯರು. ಇವು ಅದರ ಮುಖ್ಯ ವಿಧಿಗಳು. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಸ್ಥಾನದಲ್ಲಿ 125 ದಿನಗಳ ಬೇರೊಂದು ಕಾಯಿದೆಯನ್ನು ಅಂಗೀಕರಿಸಿತು. ಹೆಸರು ಮತ್ತು ಏರ್ಪಾಡುಗಳು ಬದಲಾದರೂ ಇಲ್ಲಿ ಎದ್ದ ಮೂಲಪ್ರಶ್ನೆಯು ಬದಲಾಗುವುದಿಲ್ಲ.

ಆ ಪ್ರಶ್ನೆಯೆಂದರೆ, ದುಡಿಯಲು ಸಿದ್ಧನಿರುವವನಿಗೆ ದುಡಿಮೆಯು ದೊರೆಯದಿದ್ದರೆ ಅದರ ಹೊಣೆ ಯಾರದು? ಕಾಯಕವು ಕೈಲಾಸವೆಂದು ಬೋಧಿಸುವ ಸಮಾಜಕ್ಕೆ ಆ ಕೈಲಾಸದ ಬಾಗಿಲನ್ನು ತೆರೆದಿಡುವ ಹೊಣೆಯೂ ಉಂಟು. ಅಂಗಳದಲ್ಲಿ ಅಕ್ಕಿಯಿದ್ದುದರಿಂದಲೇ ಮಾರಯ್ಯನಿಗೆ ಆಯುವ ಕಾಯಕವು ಸಾಧ್ಯವಾಯಿತು. ಅಂಗಳದ ಬಾಗಿಲನ್ನು ಮುಚ್ಚಿ, ಹೊರಗೆ ನಿಂತವನಿಗೆ ಆಯ್ದುಕೋ ಎಂದು ಉಪದೇಶಿಸಿದರೆ ಅದು ಪರಿಹಾಸ್ಯವಾಗುತ್ತದೆ. ಹಾಗೆಯೇ ಬೆವರು ಸುರಿಸಿದವನ ಕೂಲಿಯನ್ನು ತಿಂಗಳುಗಟ್ಟಲೆ ತಡೆಹಿಡಿಯುವುದು ಶರಣರ ದೃಷ್ಟಿಯಲ್ಲಿ ಲೆಕ್ಕಪತ್ರದ ವಿಳಂಬವಷ್ಟೇ ಆಗದು. ಅಂದಿನ ಕಾಯಕದ ಫಲವು ಅಂದೇ ದಾಸೋಹಕ್ಕೆ ಸಲ್ಲಬೇಕೆಂಬ ನೇಮವುಳ್ಳವರ ಪರಂಪರೆಯಲ್ಲಿ ಕೂಲಿಯ ತಡೆಯು ಕಾಯಕಕ್ಕೆ ಮಾಡಿದ ದ್ರೋಹ.

ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸುವುದು ವಿವೇಕ. ಶರಣರು ಉದ್ಯೋಗ ಖಾತರಿಯನ್ನು ಮೊದಲೇ ಕಂಡಿದ್ದರೆಂದು ಹೊಗಳುವುದು ಇತಿಹಾಸಕ್ಕೂ ಅಪಚಾರ, ಶರಣರಿಗೂ ಅಪಚಾರ. ಪ್ರಜಾಪ್ರಭುತ್ವ, ಆಯವ್ಯಯ, ಕನಿಷ್ಠ ವೇತನಗಳೆಂಬ ಕಲ್ಪನೆಗಳು ಅವರ ಕಾಲದವುಗಳಲ್ಲ. ಕಾಯಕವು ಒಪ್ಪಿ ಕೈಕೊಂಡ ವ್ರತ. ಬರಗಾಲದಲ್ಲಿ ಕೆರೆಯ ಹೂಳೆತ್ತುವುದು ಅನಿವಾರ್ಯವಾಗಿ ಒಪ್ಪಿದ ಕೆಲಸ. ಎರಡರ ನಡುವಣ ಅಂತರವನ್ನು ಮರೆಸಬಾರದು.

ಪೊರಕೆ ಮತ್ತು ಪಾಟಿ

ಇಲ್ಲಿಯೇ ಇನ್ನೊಂದು ಅಪಾಯವನ್ನು ಗುರುತಿಸಬೇಕು. ಎಲ್ಲ ಕಾಯಕವೂ ಸಮಾನವೆಂಬ ತತ್ತ್ವವನ್ನು ಹಿಡಿದು, ಅವರವರ ಕುಲದ ಕಸುಬೇ ಅವರವರಿಗೆ ಕೈಲಾಸವೆಂದು ವ್ಯಾಖ್ಯಾನಿಸುವವರಿದ್ದಾರೆ. ಸತ್ಯಕ್ಕನ ಪೊರಕೆಯು ಸತ್ಯಶುದ್ಧ ಕಾಯಕದ ಸಂಕೇತವಾದುದು ಆಕೆಯ ನಿಷ್ಠೆಯಿಂದ. ಅದನ್ನು ಆಧಾರವಾಗಿಟ್ಟುಕೊಂಡು ಗುಡಿಸುವವರ ಮಕ್ಕಳು ಗುಡಿಸುತ್ತಲೇ ಇರಲೆಂದರೆ, ಹುಟ್ಟಿನ ಕಟ್ಟನ್ನು ಹರಿಯಲು ಹೊರಟ ಮಾತನ್ನೇ ಅದರ ಹಗ್ಗವನ್ನಾಗಿ ಹೊಸೆದಂತಾಗುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾಯಿದೆ ಮಾಡಬೇಕಾದ ದೇಶದಲ್ಲಿ ಕಾಯಕದ ಹೆಸರಿನಿಂದ ಅಂಥ ಕೆಲಸಕ್ಕೆ ಪಾವಿತ್ರ್ಯವನ್ನು ಹೊದಿಸುವುದು ಸಲ್ಲದು.

ಈ ಕಟ್ಟನ್ನು ಸಡಿಲಿಸುವ ಸಾಧನವೆಂದರೆ ವಿದ್ಯೆ. ವಚನವಾಙ್ಮಯದ ಅಸ್ತಿತ್ವವೇ ಇದಕ್ಕೆ ಪ್ರಮಾಣ. ಹಗ್ಗ ಹೊಸೆಯುವವನು, ದೋಣಿ ನಡೆಸುವವನು, ಬಟ್ಟೆ ಒಗೆಯುವವನು, ಅಕ್ಕಿ ಆಯುವವಳು, ಬೀದಿ ಗುಡಿಸುವವಳು ತತ್ತ್ವಚರ್ಚೆಯಲ್ಲಿ ಪಾಲ್ಗೊಂಡು ತಮ್ಮ ಅಂಕಿತದಿಂದ ವಚನಗಳನ್ನು ರಚಿಸಿದರೆಂದರೆ, ದುಡಿಯುವವರಿಗೆ ವಿಚಾರ ಮಾಡಲು ಬಿಡುವೂ ನುಡಿಯಲು ಸ್ಥಾನವೂ ಇದ್ದವೆಂದು ಅರ್ಥ. ದುಡಿಮೆಯೊಡನೆ ಅರಿವೂ ಸೇರಿದಾಗ ಮಾತ್ರ ಕಾಯಕವು ಪೂರ್ಣವಾಗುತ್ತದೆ. ಈ ವಚನಗಳನ್ನು ಓಲೆಗರಿಗಳಿಂದ ಬೆಳಕಿಗೆ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಡಾ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನೂ ಸಹಕಾರಿ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾಗಿದ್ದುದು ಆಕಸ್ಮಿಕವಲ್ಲ. ಗ್ರಂಥಸಂಪಾದನೆ, ಶಾಲೆ, ಸಾಲಸೌಕರ್ಯಗಳು ಅವರ ದೃಷ್ಟಿಯಲ್ಲಿ ಒಂದೇ ಕೆಲಸದ ಮೂರು ಅಂಗಗಳಾಗಿದ್ದವು.

ಹಸಿದ ಮಗುವಿಗೆ ಅಕ್ಷರವು ಹತ್ತುವುದಿಲ್ಲವೆಂಬುದನ್ನು ಕಂಡುಕೊಳ್ಳಲು ಸರಕಾರಗಳು ಬಹುಕಾಲ ತೆಗೆದುಕೊಂಡವು. ಮಠಗಳು ಇದನ್ನು ಮೊದಲೇ ಬಲ್ಲವು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು (1907-2019) ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ನೀಡಿದುದು ತ್ರಿವಿಧ ದಾಸೋಹವೆಂದೇ ಪ್ರಸಿದ್ಧವಾಗಿದೆ. ತಮಿಳುನಾಡು ಬಹಳ ಮೊದಲೇ ಶಾಲೆಗಳಲ್ಲಿ ಊಟವನ್ನು ಆರಂಭಿಸಿ 1982ರಲ್ಲಿ ಅದನ್ನು ವಿಸ್ತರಿಸಿತು. 1995ರಲ್ಲಿ ಕೇಂದ್ರದ ಯೋಜನೆ ಬಂದಿತಾದರೂ ಬಹಳ ಕಡೆ ಅದು ಮನೆಗೆ ಒಯ್ಯುವ ಧಾನ್ಯವಾಗಿಯೇ ಉಳಿಯಿತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಅದರ ಮುಂದಿನ ವರ್ಷವೇ ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ದ ಒಲೆ ಹೊತ್ತಿತು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಈ ಯೋಜನೆಗೆ ದಾಸೋಹವೆಂಬ ಹೆಸರು ಒಪ್ಪುತ್ತದೆ. ಅಲ್ಲಿ ಪಂಕ್ತಿಭೇದವು ತಲೆಹಾಕಿದ ದಿನ ಹೆಸರು ಉಳಿದರೂ ದಾಸೋಹವು ಉಳಿಯದು.

ಒಲೆಯ ಮುಂದೆ ಇರುವವರು

ಹೆಸರಿನ ಔಚಿತ್ಯವನ್ನು ಒಪ್ಪಿದ ಮೇಲೆ ಅಡುಗೆಮನೆಯೊಳಕ್ಕೂ ಇಣುಕಬೇಕು. ಬಿಸಿಯೂಟವನ್ನು ಬೇಯಿಸಿ ಬಡಿಸುವವರಲ್ಲಿ ಹೆಚ್ಚಿನವರು ಬಡಕುಟುಂಬಗಳ ಸ್ತ್ರೀಯರು. ಅವರಿಗೆ ದೊರೆಯುವುದಕ್ಕೆ ಸಂಬಳವೆಂದಾಗಲಿ ಕೂಲಿಯೆಂದಾಗಲಿ ಹೆಸರಿಲ್ಲ. ಅದಕ್ಕೆ ‘ಗೌರವಧನ’ವೆಂದು ಹೆಸರು. 2009ರಲ್ಲಿ ಕೇಂದ್ರ ಸರಕಾರವು ಅದನ್ನು ತಿಂಗಳಿಗೆ 1000 ರೂಪಾಯಿಗಳೆಂದು ನಿಗದಿಪಡಿಸಿತು. ರಾಜ್ಯವು ತನ್ನ ಕಡೆಯಿಂದ ಅದಕ್ಕೆ ಆಗಾಗ ಸೇರಿಸುತ್ತ ಬಂದಿದ್ದರೂ ಅದಿನ್ನೂ ಕನಿಷ್ಠ ವೇತನದ ಮಟ್ಟವನ್ನು ಮುಟ್ಟಿಲ್ಲ. ತಮ್ಮ ದುಡಿಮೆಯನ್ನು ದುಡಿಮೆಯೆಂದು ಒಪ್ಪಿಕೊಳ್ಳಿರೆಂದು ಆ ಮಹಿಳೆಯರು ಬೆಂಗಳೂರಿನ ಬೀದಿಗಳಲ್ಲಿ ಹಲವು ಬಾರಿ ಧರಣಿ ಕುಳಿತಿದ್ದಾರೆ.

ಗೌರವಧನವೆಂಬ ಪದದಲ್ಲಿ ಗೌರವವಿದೆ, ಧನವು ಸಾಲದು. ಸೇವೆಯೆಂದು ಹೊಗಳಿ ಕೂಲಿಯನ್ನು ಕಡಿಮೆ ಮಾಡುವ ಈ ಕ್ರಮದಲ್ಲಿ ಮೇಲೆ ಹೇಳಿದ ಬಿಟ್ಟಿಯ ನೆರಳಿದೆ. ಮಕ್ಕಳಿಗೆ ದಾಸೋಹ ನಡೆಯುತ್ತಿರುವ ಒಲೆಯ ಹಿಂದೆ ಕಾಯಕಕ್ಕೆ ಸಲ್ಲಬೇಕಾದುದು ಸಲ್ಲದಿದ್ದರೆ, ಚಂದಯ್ಯನು ಹೇಳಿದ ದ್ರವ್ಯಶುದ್ಧಿಯು ಅಲ್ಲಿ ಕೆಟ್ಟಿತೆಂದೇ ಹೇಳಬೇಕು. ಕಾಯಕವನ್ನು ದಾಸೋಹದಿಂದ ಬೇರ್ಪಡಿಸಿದರೆ ಅದು ಬಡವರನ್ನು ಅಟ್ಟುವ ಚಾವಟಿಯಾಗುತ್ತದೆ. ದಾಸೋಹವನ್ನು ಕಾಯಕದಿಂದ ಬೇರ್ಪಡಿಸಿದರೆ ಅದು ಒಬ್ಬರ ಬೆವರಿನಲ್ಲಿ ಇನ್ನೊಬ್ಬರು ಪಡೆಯುವ ಪುಣ್ಯವಾಗುತ್ತದೆ. ಆಕ್ಷೇಪಕರು ಮೊದಲನೆಯ ತಪ್ಪನ್ನು ಮಾಡಿದ್ದಾರೆ. ಸಮರ್ಥಕರು ಎರಡನೆಯದನ್ನು ಮಾಡುವ ಅಪಾಯದಲ್ಲಿದ್ದಾರೆ.

ಈ ವಿವೇಚನೆಯು ಸರಕಾರಕ್ಕೆ ಮಾತ್ರ ಅನ್ವಯಿಸುವುದಲ್ಲ. ಶರಣರ ಹೆಸರನ್ನು ಹೊತ್ತ ವಿದ್ಯಾಸಂಸ್ಥೆಗಳು, ಪ್ರಸಾದ ನಿಲಯಗಳು, ಆಸ್ಪತ್ರೆಗಳು ನಾಡಿನ ತುಂಬ ಇವೆ. ಅಲ್ಲಿ ಪಾಠ ಹೇಳುವವರು, ಅಡುಗೆ ಮಾಡುವವರು, ಅಂಗಳ ಗುಡಿಸುವವರು ತಿಂಗಳ ಕೊನೆಯಲ್ಲಿ ಪಡೆಯುವುದೆಷ್ಟು, ಸಹಿ ಹಾಕಿದ ಮೊತ್ತವೂ ಕೈಸೇರಿದ ಮೊತ್ತವೂ ಒಂದೇ ಆಗಿವೆಯೆ ಎಂಬುದು ಬಸವ ಜಯಂತಿಯ ವೇದಿಕೆಯ ಮೇಲೆ ಆಡುವ ಮಾತುಗಳಷ್ಟೇ ಮುಖ್ಯವಾದುದು. ಮೇಲ್ಮುಖವಾಗಿ ಹರಿಯುವ ಚಂದಯ್ಯನ ಕಟ್ಟಳೆಯು ಮೊದಲು ಮುಟ್ಟುವುದು ಪೂಜ್ಯಸ್ಥಾನಗಳನ್ನೇ.

ವಚನಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಸಾಲನ್ನು ಹಿಡಿಯುವ ಮೊದಲು ಅಂಕಿತವನ್ನು ನೋಡಬೇಕು, ನುಡಿದವರ ಕೈಯಲ್ಲಿದ್ದ ಉಪಕರಣ ಯಾವುದೆಂದು ಕೇಳಬೇಕು. ಭಕ್ತರು ಕಾಯಕದ ವಚನವನ್ನು ಮತ್ತೊಬ್ಬರಿಗೆ ಹೇಳುವ ಮೊದಲು ಅದನ್ನು ಉತ್ತಮಪುರುಷದಲ್ಲಿ ಒಮ್ಮೆ ಓದಿಕೊಳ್ಳಬೇಕು. ಲಕ್ಕಮ್ಮನು ಮರಳಿಸಿದುದು ತನ್ನ ಮನೆಗೆ ಬಂದ ಅಕ್ಕಿಯನ್ನು. ನೆರೆಮನೆಯವರ ಮಡಕೆಯನ್ನು ಅವಳು ಅಳೆಯಲು ಹೋಗಲಿಲ್ಲ.